ಬಣ್ಣ ತುಂಬಿದ ಸತ್ಯ

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಆಧರಿಸಿ ಹುಣಸೂರು ಕೃಷ್ಣಮೂರ್ತಿಯವರು 1965ರಲ್ಲಿ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ ಕಪ್ಪು-ಬಿಳುಪಿನ ಚಿತ್ರ. 2008ರಲ್ಲಿ ಗಣಕಯಂತ್ರದ ನೆರವಿನಿಂದ ಅದಕ್ಕೆ ಬಣ್ಣ ತುಂಬಿ ಮರುಬಿಡುಗಡೆ ಮಾಡಲಾಯಿತು. ಸೋಸಲೆಯ ನಮ್ಮ ಮನೆಯಲ್ಲಿ ಆ ವರ್ಣರೂಪವನ್ನು ಕಿರುತೆರೆಯಲ್ಲಿ ನೋಡುತ್ತಿದ್ದಾಗ ಮೊಮ್ಮಗಳು, “ಅಜ್ಜಿ, ಚಂದ್ರಮತಿಯ ಸೀರೆ ನಿಜವಾಗಲೂ ಇದೇ ಬಣ್ಣದ್ದಾ?” ಎಂದಳು. ಅದು ಬಣ್ಣ ತುಂಬಿದವರ ಊಹೆಯೆಂದು ತಿಳಿಸಿದೆ.

ಧೂಳು, ಗೀರುಗಳನ್ನು ನಿವಾರಿಸುವುದು ಜೀರ್ಣೋದ್ಧಾರ; ಇಲ್ಲದ ಬಣ್ಣವನ್ನು ಸೇರಿಸುವುದು ಅಲಂಕಾರ. ಬಸದಿಯ ಶಿಲ್ಪಗಳಿಗೆ ಬಣ್ಣ ಬಳಿಸುವವರೂ ಈ ಭೇದವನ್ನು ಅರಿಯಬೇಕು. ಅಲಂಕಾರವು ದೋಷವಲ್ಲ. ಆದರೆ ಅದು ಅಲಂಕಾರವೆಂದು ಹೇಳಬೇಕು, ಮೂಲವನ್ನು ಉಳಿಸಬೇಕು. ಮಡಿದ ಮಗನ ದಹನಕ್ಕೆ ಸ್ವಂತ ಹೆಂಡತಿಯಿಂದಲೇ ಸುಂಕ ಕೇಳಿದ ಅರಸನ ಕಥೆಯನ್ನು ಮಕ್ಕಳಿಗೆ ತೋರಿಸುವಾಗ ಇಷ್ಟಾದರೂ ಸತ್ಯವನ್ನು ನಾವು ಪಾಲಿಸಬೇಡವೇ?