ಇಲೆಕ್ಷನ್ ಬಂದರೆ ಬಂದೂಕು ಠಾಣೆಗೆ

1997ರಲ್ಲಿ ಗದಗ ಜಿಲ್ಲೆಯಾಗುವ ಮುಂಚೆ ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯವರ ಬಂದೂಕಿನ ಲೈಸನ್ಸು ಧಾರವಾಡದಿಂದ ಬರಬೇಕಿತ್ತು. ಅರ್ಜಿಯಲ್ಲಿ ಬರೆಯುತ್ತಿದ್ದ ಕಾರಣ ಬೆಳೆ ರಕ್ಷಣೆ. ಕಪ್ಪತಗುಡ್ಡದ ಹಂದಿ ಹೊಲ ಹೊಕ್ಕರೆ ಶೇಂಗಾ ಬುಡಸಮೇತ ಹೋಗುತ್ತಿತ್ತು, ಕಾರಣವೇನೂ ಸುಳ್ಳಲ್ಲ. ಆದರೆ ನಮ್ಮ ಓಣಿಯ ಗೌಡರ ಜೋಡುನಳಿಗೆ ಹೊಲ ಕಂಡದ್ದು ಕಡಿಮೆ. ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ಮೇಲೆ ಬಂಡೆದ್ದ ಸೀಮೆಯಿದು. ಆಯುಧವೆಂದರೆ ಮನೆತನದ ಮರ್ಯಾದೆ.

ಹೆಂಡತಿ ಮೇಲೆ ಸಿಟ್ಟು ಬಂದಾಗ ಗೌಡರು ಅದನ್ನು ಇಳಿಸಿಕೊಂಡು, ಆಕೆಯ ಎದುರಿಗೇ ಕೂತು ಅರಿವೆಯಿಂದ ಒರೆಸುತ್ತಿದ್ದರು. ಅಷ್ಟೇ. ಗುಂಡು ಹಾರಲಿಲ್ಲ, ಹಾಗಾಗಿ ಯಾವ ದಫ್ತರಿನಲ್ಲೂ ಏನೂ ಇಲ್ಲ. ಬಡವರ ಮನೆಗಳಲ್ಲಿ ಕುಡುಗೋಲು, ಕೊಳ್ಳಿ, ಸೀಮೆಎಣ್ಣೆ ಡಬ್ಬಿ ಮಾಡುತ್ತಿದ್ದ ಕೆಲಸದ ಮುಂದೆ ಇದನ್ನು ಓಣಿಯವರು ಜಗಳವೆಂದೇ ಎಣಿಸಲಿಲ್ಲ.

ಚುನಾವಣೆ ಘೋಷಣೆಯಾದಾಗ ಮಾತ್ರ ಬಂದೂಕು ಠಾಣೆಗೆ ಹೋಗಿ, ಬದಲಿಗೆ ಒಂದು ರಸೀದಿ ಬರುತ್ತಿತ್ತು. "ಇಲೆಕ್ಷನ್ ವರ್ಷಾ ವರ್ಷಾ ಬರಬೇಕ ನೋಡವ್ವಾ," ಎಂದು ಗೌಡಸಾನಿ ನಮ್ಮವ್ವನ ಮುಂದೆ ಅಂದಿದ್ದಳು. ಮತದಾರ ಹೆದರಬಾರದೆಂದು ಊರ ಬಂದೂಕನ್ನೆಲ್ಲ ಒಟ್ಟು ಮಾಡುವ ಸರ್ಕಾರಕ್ಕೆ ಅಡುಗೆಮನೆಯ ಹೆದರಿಕೆ ಗೊತ್ತಿರಲಿಲ್ಲ.

ಈಗ ಕಾನೂನಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದು. 2006ರ ನಿಯಮಗಳಲ್ಲಿ ಹತ್ತನೆಯದರ ಪ್ರಕಾರ, ಮ್ಯಾಜಿಸ್ಟ್ರೇಟರು ಬರೆದು ಆದೇಶಿಸಿದರೆ ಸಂರಕ್ಷಣಾಧಿಕಾರಿ ಪೊಲೀಸರ ನೆರವಿನಿಂದ ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ಜಪ್ತಿ ಮಾಡಿಸಬೇಕು. ಒರೆಸುತ್ತ ಕೂತದ್ದು ಬಳಸಿದ ಲೆಕ್ಕವೋ ಅಲ್ಲವೋ, ವಕೀಲರು ವಾದಿಸಲಿ. ಅದಕ್ಕೂ ಮೊದಲು ಗೌಡಸಾನಿ ಕೋರ್ಟಿನ ಮೆಟ್ಟಿಲು ಹತ್ತಬೇಕು. ನಮ್ಮಲ್ಲಿ ಇಂಥ ವಿಷಯ ಹಿರಿಯರ ಕಟ್ಟೆಯಲ್ಲೇ 'ಬಗೆಹರಿಯುತ್ತದೆ'. ಗಂಡನ ಮೇಲೆ ಕೇಸಿರುವುದಿಲ್ಲ, ಲೈಸನ್ಸಿಗೂ ಅಡ್ಡಿಯಿಲ್ಲ.

ಗೌಡರು ತೀರಿದ ಮೇಲೆ ಮಗ ಲೈಸನ್ಸ್ ಮಾಡಿಸಿಕೊಂಡ. ವಿಚಾರಣೆಗೆ ಬಂದ ಪೊಲೀಸರು ಪಡಸಾಲೆಯಲ್ಲಿ ಅವನನ್ನೂ ನೆರೆಯವರನ್ನೂ ಮಾತಾಡಿಸಿದರು. ಸೊಸೆ ಚಹಾ ಕೊಟ್ಟು ಒಳಗೆ ಹೋದಳು. ಕೆನಡಾದಲ್ಲಿ ಲೈಸನ್ಸ್ ಅರ್ಜಿಗೆ ಸಂಗಾತಿಯ ಸಹಿ ಕೇಳುತ್ತಾರೆ, ಸಹಿಯಿಲ್ಲದಿದ್ದರೆ ಆಕೆಗೆ ವಿಷಯ ತಿಳಿಸುತ್ತಾರೆ. ಬಂದೂಕಿನ ಹುಚ್ಚಿಗೆ ಹೆಸರಾದ ಅಮೆರಿಕದಲ್ಲೂ ಹೆಂಡತಿಯನ್ನು ಹೊಡೆದು ಶಿಕ್ಷೆಯಾದವನು ಬಂದೂಕು ಇಟ್ಟುಕೊಳ್ಳದಂತೆ 1996ರಲ್ಲೇ ಕಾನೂನಾಯಿತು. ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಲೈಸನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಆ ಸೊಸೆಯನ್ನು ಯಾರಾದರೂ ಕೇಳುವುದಿದ್ದರೆ ಇನ್ನು ಐದು ವರ್ಷಕ್ಕೊಮ್ಮೆ.