ಉದ್ದ ಒಂದು, ಗಿಡ್ಡ ಎರಡು

ನಮ್ಮ ಕಡೆ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಕರೆಂಟಿನ ಮೇಲೆ ನಡೆಯೋ ಏನೇ ಕೆಟ್ರೂ ರಿಪೇರಿ ಮಾಡಬೇಕಾದವನು ಅಂತ ಅರ್ಥ. ಪ್ರಿಂಟರ್ ಕಾಗದ ನುಂಗಿದ್ರೆ, ಪಹಣಿ ಡೌನ್‌ಲೋಡ್ ಆಗದಿದ್ರೆ, ಟಿವಿ ರಿಮೋಟ್ ಮುಷ್ಕರ ಹೂಡಿದ್ರೆ ನನಗೇ ಫೋನು. ನಾನು ಬೆಂಗಳೂರಲ್ಲಿ ಬರೀ ಜಾವಾ ಕೋಡ್ ಬರೀತೀನಿ ಅಂದ್ರೆ, "ಹಂಗಾರ ಇದೂ ಗೊತ್ತಿರ್ತೈತಲ್ಲ" ಅಂತಾರೆ. ಇಂಜಿನಿಯರಿಂಗ್‌ನ 4 ವರ್ಷದಲ್ಲಿ ಯಾರೂ ನಮ್ಮ ಕೈಗೆ ಒಂದು ಸ್ಕ್ರೂ ಡ್ರೈವರ್ ಕೊಟ್ಟಿರಲಿಲ್ಲ ಅನ್ನೋದನ್ನ ಅವರಿಗೆ ಹೇಗೆ ಹೇಳೋದು! :-)

ಆದ್ರೆ ಈ ಸಲ ಕೊಟ್ಟೂರಿಂದ ಬಂದ ಫೋನು ನಗೋ ಥರದ್ದಲ್ಲ. ಚಿಕ್ಕಪ್ಪನ ಮಗ ಅಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ನುಡಿಯಲ್ಲಿ ಲಗ್ನಪತ್ರಿಕೆ, ಫೋಟೋಶಾಪಲ್ಲಿ ಮದುವೆ ಆಲ್ಬಂ, ಜೊತೆಗೆ ಮದುವೆ ವಿಡಿಯೋ ಎಡಿಟಿಂಗ್. ಎಲ್ಲ ಒಂದೇ ಡೆಸ್ಕ್‌ಟಾಪಿನ ಮೇಲೆ. ಕೊಟ್ಟೂರೇಶ್ವರನ ತೇರಿಗೆ ಮುಂಚಿನ ತಿಂಗಳು ಅವನಿಗೆ ಸುಗ್ಗಿ. ಅಂಗಡಿ ಬಾಡಿಗೆ, ತಂಗಿ ಕಾಲೇಜು ಫೀಸು ಎರಡೂ ಅದರಲ್ಲೇ ಹೊರಡಬೇಕು. ಸರಿಯಾಗಿ ಅದೇ ಹೊತ್ತಿಗೆ ಕಂಪ್ಯೂಟರ್ ಮುನಿಸಿಕೊಂಡಿತ್ತು.

"ಅಣ್ಣಾ, ಬೆಳಿಗ್ಗೆ ಆನ್ ಮಾಡಿದ್ರೆ ಫ್ಯಾನೆಲ್ಲ ತಿರುಗ್ತಾವ, ಸ್ಕ್ರೀನ್ ಮಾತ್ರ ಬರಂಗಿಲ್ಲ. ನೋ ಸಿಗ್ನಲ್ ಅಂತೈತಿ. ನಾಕೈದು ಸಲ ಆಫ್ ಮಾಡಿ ಆನ್ ಮಾಡಿದ್ರ ಬರ್ತೈತಿ. ಒಮ್ಮಿ ಬಂತಂದ್ರ ರಾತ್ರಿ ತನ ಏನೂ ತೊಂದ್ರಿ ಇಲ್ಲ. ಅಂಗಡಿಯವ್ರು ಗ್ರಾಫಿಕ್ಸ್ ಕಾರ್ಡ್ ಸತ್ತೈತಿ, ಹೊಸಾದಕ್ಕ 9,000 ಆಗ್ತೈತಿ ಅಂದ್ರು."

ಸತ್ತಿದ್ದು ಐದನೇ ಸಲಕ್ಕೆ ಎದ್ದು ಕೂತು ರಾತ್ರಿವರೆಗೆ ದುಡಿಯುತ್ತಾ? ನನಗೆ ಅನುಮಾನ ಬಂದಿದ್ದೇ ಅಲ್ಲಿ.

"ಬೀಪ್ ಹೆಂಗೆ ಹೊಡೀತೈತಿ, ಫೋನು ಕ್ಯಾಬಿನೆಟ್ ಹತ್ರ ಹಿಡಿ" ಅಂದೆ. ಉದ್ದ ಒಂದು, ಗಿಡ್ಡ ಎರಡು. ಕಂಪ್ಯೂಟರ್ ಎದ್ದ ಕೂಡಲೇ ವಿಂಡೋಸ್ ಬರೋದಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಮೊದಲು ಮದರ್‌ಬೋರ್ಡಿನ ಬಯೋಸ್ ಹಾಜರಿ ಕರೆಯುತ್ತೆ. ಪ್ರೊಸೆಸರ್, ಮೆಮೊರಿ, ಆಮೇಲೆ ಡಿಸ್‌ಪ್ಲೇ. ಗ್ರಾಫಿಕ್ಸ್ ಕಾರ್ಡಿನೊಳಗೇ ಅದರದ್ದೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತೆ, ಅದು ಓಡಿದ ಮೇಲಷ್ಟೇ ಪರದೆ ಮೇಲೆ ಅಕ್ಷರ ಮೂಡೋದು. ಕಾರ್ಡು "ಬಂದೆ" ಅನ್ನದಿದ್ರೆ ತೋರಿಸೋಕೆ ಪರದೆಯೇ ಇಲ್ಲವಲ್ಲ, ಹಾಗಾಗಿ ಬೀಪ್. ಅವಾರ್ಡ್ ಬಯೋಸಲ್ಲಿ ಉದ್ದ ಒಂದು ಗಿಡ್ಡ ಎರಡು ಅಂದ್ರೆ ವಿಡಿಯೋ ತೊಂದರೆ. ಎಎಂಐ ಬಯೋಸಲ್ಲಿ ಗಿಡ್ಡ ಎಂಟು ಹೊಡೆದ್ರೆ ಡಿಸ್‌ಪ್ಲೇ ಮೆಮೊರಿ ತೊಂದರೆ. ಈಗಿನ ಎಷ್ಟೋ ಬೋರ್ಡುಗಳಲ್ಲಿ ಬೀಪ್ ಬದಲು ವಿಜಿಎ ಅಂತ ಬರೆದ ಒಂದು ಸಣ್ಣ ದೀಪ ಹತ್ತಿಕೊಳ್ಳುತ್ತೆ.

ಹಾಜರಿಯಲ್ಲಿ "ಬಂದೆ" ಅನ್ನದ ಹುಡುಗ ಸ್ಕೂಲಿಗೇ ಬಂದಿಲ್ಲದಿರಬಹುದು. ಬಂದು, ಬೆಳಿಗ್ಗೆ ಏನೂ ತಿನ್ನದೆ ಬಾಯಿ ಬಿಡಲಾರದೆ ಕೂತಿರಲೂಬಹುದು. ಬೀಪ್ ಇಬ್ಬರಿಗೂ ಒಂದೇ.

ಮೊದಲು ಧೂಳು. ಕೊಟ್ಟೂರಿನ ಕೆಂಪು ಧೂಳು ಕಾರ್ಡಿನ ಫ್ಯಾನಿನೊಳಗೆ ಹತ್ತಿ ಥರ ಕೂತಿತ್ತಂತೆ. ಬ್ಲೋವರ್ ಹೊಡೆಸಿ, ಕಾರ್ಡ್ ಕಿತ್ತು, ಸ್ಲಾಟಿಗೆ ಹೋಗುವ ಬಂಗಾರದ ಬಣ್ಣದ ಪಟ್ಟಿಗಳನ್ನ ಒರೆಸಿ ಮತ್ತೆ ಕೂರಿಸು ಅಂದೆ. ನಮ್ಮಲ್ಲಿ ಎಲ್ಲರೂ ಪೆನ್ಸಿಲ್ ರಬ್ಬರಲ್ಲಿ ಉಜ್ಜುತ್ತಾರೆ. ಕೆಲಸ ಆಗುತ್ತೆ, ಸುಳ್ಳಲ್ಲ. ಆದ್ರೆ ಅಲ್ಲಿರೋದು ತೀರಾ ತೆಳು ಬಂಗಾರದ ಲೇಪ, ಪದೇ ಪದೇ ಉಜ್ಜಿದ್ರೆ ಅದೇ ಎದ್ದು ಹೋಗುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಬಟ್ಟೆ ಅದ್ದಿ ಒರೆಸೋದು ಒಳ್ಳೇದು. ಬಾಯಿಂದ ಊದೋದಂತೂ ಬೇಡವೇ ಬೇಡ, ಎಂಜಲು ಹಾರುತ್ತೆ. ಎರಡು ದಿನ ಸರಿ ಹೋಯ್ತು. ಮೂರನೇ ದಿನ ಮತ್ತೆ ಉದ್ದ ಒಂದು, ಗಿಡ್ಡ ಎರಡು.

ಅಷ್ಟರಲ್ಲಿ ಎಚ್.ಬಿ.ಹಳ್ಳಿಯ (ಹಗರಿಬೊಮ್ಮನಹಳ್ಳಿ ಅಂತ ಪೂರ್ತಿ ಹೆಸರು ನಮ್ಮಲ್ಲಿ ಯಾರು ಕರೀತಾರೆ!) ಒಬ್ಬ ಮೊಬೈಲ್ ರಿಪೇರಿಯವರು ಕಾರ್ಡಿಗೆ ಹೀಟ್ ಗನ್ ಹಿಡಿದು ಚಿಪ್ಪು ಕಾಯಿಸಿ ಕೊಡ್ತೀನಿ, 600 ರೂಪಾಯಿ ಅಂದ್ರಂತೆ. "ಕೊಡಬ್ಯಾಡ" ಅಂತ ಜೋರಾಗೇ ಹೇಳಿದೆ. ಈ ಕಾಯಿಸೋ ವೈದ್ಯಕ್ಕೂ ಒಂದು ಇತಿಹಾಸ ಇದೆ. 2006ರ ಜುಲೈನಿಂದ ಯುರೋಪಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಬಿತ್ತು, ಜಗತ್ತಿನ ಕಂಪನಿಗಳೆಲ್ಲ ಸೀಸವಿಲ್ಲದ ಬೆಸುಗೆಗೆ ಹೊರಳಿದವು. 2008ರ ಜುಲೈನಲ್ಲಿ ಎನ್ವಿಡಿಯಾ ಕಂಪನಿ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿಂಗ್ ಸಾಮಗ್ರಿ ದುರ್ಬಲವಾಗಿದೆ, ಅದರ ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡ್ತೀವಿ ಅಂತ ಪ್ರಕಟಿಸಿತು. ಆ ಕಾಲದಲ್ಲಿ ಜನ ಕಾರ್ಡನ್ನ ಓವನ್ನಿನೊಳಗೇ ಇಟ್ಟು ಬೇಯಿಸಿ ನೋಡಿದ್ರು. ಎಷ್ಟೋ ಕಾರ್ಡುಗಳು ಎದ್ದವು, ಕೆಲವು ವಾರ ಓಡಿ ಮತ್ತೆ ಮಲಗಿದವು. ಆರೋಗ್ಯವಾಗಿರೋ ಕಾರ್ಡನ್ನ ಹಾಗೆ ಕಾಯಿಸಿದ್ರೆ ಕೆಡೋದೇ ಹೆಚ್ಚು.

ಕಾರ್ಡು ಆರೋಗ್ಯವಾಗಿದೆ ಅಂತ ಗೊತ್ತಾಗೋದು ಹೇಗೆ? ಬೇರೆ ಮಷೀನಿಗೆ ಹಾಕಿ ನೋಡೋದು. ಹಡಗಲಿಯಲ್ಲಿ ಅವನ ದೋಸ್ತನ ಸ್ಟುಡಿಯೋ ಇದೆ. ಅಲ್ಲಿಗೆ ಕಾರ್ಡ್ ತಗೊಂಡು ಹೋಗಿ, ಅವನ ಹಳೇ ಸಣ್ಣ ಕಾರ್ಡನ್ನ ಕೊಟ್ಟೂರಿಗೆ ತಂದ. (ಜೊತೆಗೆ ಚಿಕ್ಕಮ್ಮನಿಗೆ ನಾಲ್ಕು ಮೊಳ ಮಲ್ಲಿಗೆ. ಹಡಗಲಿಗೆ ಹೋಗಿ ಬರಿಗೈಲಿ ಬಂದ್ರೆ ಮನೆಯೊಳಗೆ ಬಿಟ್ಕೊಳ್ತಾರಾ?) ಪರೀಕ್ಷೆ ಬೆಳಿಗ್ಗೆಯೇ ಆಗಬೇಕು, ರಾತ್ರಿಯೆಲ್ಲ ಮಷೀನು ತಣ್ಣಗಿರಬೇಕು ಅಂತ ಇಬ್ಬರಿಗೂ ಹೇಳಿದ್ದೆ. ಬಿಸಿ ಮಷೀನಲ್ಲಿ ಹಾಕಿ "ಸರಿ ಐತಿ" ಅನ್ನೋದಕ್ಕೆ ಅರ್ಥವಿಲ್ಲ.

ಮೂರು ಬೆಳಿಗ್ಗೆಯ ಫಲಿತಾಂಶ ಮಜಾ ಇತ್ತು. ಹಡಗಲಿಯಲ್ಲಿ ಇವನ 'ಸತ್ತ' ಕಾರ್ಡು ಮೂರು ದಿನವೂ ಒಂದೇ ಸಲಕ್ಕೆ ಬಂತು. ಕೊಟ್ಟೂರಲ್ಲಿ ದೋಸ್ತನ ಸಣ್ಣ ಕಾರ್ಡೂ ಒಂದೇ ಸಲಕ್ಕೆ ಬಂತು. ಅಂದ್ರೆ ಕಾರ್ಡು ಸರಿ, ಸ್ಲಾಟೂ ಸರಿ, ಎರಡೂ ಕೂಡಿದ್ರೆ ಮಾತ್ರ ಜಗಳ!

ಎರಡು ಕಾರ್ಡಿಗೂ ಇರೋ ವ್ಯತ್ಯಾಸ ಊಟದ್ದು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಒಂದು ಕಾರ್ಡಿಗೆ ಹೆಚ್ಚೆಂದ್ರೆ 75 ವ್ಯಾಟ್ ಸಿಗುತ್ತೆ. ಸಣ್ಣದಕ್ಕೆ ಅಷ್ಟು ಸಾಕು. ಇವನದ್ದಕ್ಕೆ ಸಾಲದು, ಎಸ್‌ಎಂಪಿಎಸ್‌ನಿಂದ ನೇರವಾಗಿ ಬರೋ 6 ಪಿನ್ ವೈರಿನಿಂದ ಇನ್ನೊಂದು 75 ವ್ಯಾಟ್ ತನಕ ಎಳೆಯುತ್ತೆ. ಬೆಳಿಗ್ಗೆ ಊಟ ಸಿಗದಿದ್ದವನು ಇವನೇ.

ಅಲ್ಲಿಂದ ಕ್ಯಾಬಿನೆಟ್ಟು ಬಸ್ಸಲ್ಲಿ ಹರಪನಹಳ್ಳಿಗೆ ಹೋಯ್ತು. ಅಲ್ಲೊಬ್ಬ ಹಿರಿಯ ರಿಪೇರಿಯವರಿದ್ದಾರೆ, ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರ್. ಇವನು ವಿಷಯ ಹೇಳಿದ್ದೇ, "ರಾತ್ರಿ ಇಲ್ಲೇ ಬಿಟ್ಟ್ ಹೋಗಪಾ, ಮುಂಜಾನಿ ನೋಡೋಣು" ಅಂದ್ರಂತೆ. ನನಗೆ ಅಲ್ಲೇ ಅವರ ಮೇಲೆ ಗೌರವ ಬಂತು. ಬೆಳಿಗ್ಗೆ ಆನ್ ಮಾಡಿ ಹಳದಿ ವೈರಿಗೂ ಕಪ್ಪು ವೈರಿಗೂ ಮಲ್ಟಿಮೀಟರ್ ಹಿಡಿದ್ರು. 12 ವೋಲ್ಟ್ ಇರಬೇಕು, 11.4ಕ್ಕಿಂತ ಕೆಳಗೆ ಇಳೀಬಾರದು. 11.1 ತೋರಿಸಿತು. ನಾಲ್ಕು ಸಲ ಆನ್ ಆಫ್ ಮಾಡಿದ ಮೇಲೆ 11.7.

ಎಸ್‌ಎಂಪಿಎಸ್ ಬಿಚ್ಚಿದ್ರೆ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಪೂರಿ ಥರ. ಅದರೊಳಗಿನ ದ್ರವ ವರ್ಷಗಳ ಮೇಲೆ ಒಣಗುತ್ತಾ ಬರುತ್ತೆ. ಒಣಗಿದಷ್ಟೂ ಒಳಗಿನ ರೋಧ ಹೆಚ್ಚು, ತಣ್ಣಗಿದ್ದಾಗ ಇನ್ನೂ ಹೆಚ್ಚು. ನಾಲ್ಕೈದು ಸಲ ಆನ್ ಆಫ್ ಮಾಡುವಷ್ಟರಲ್ಲಿ ಮೈ ಬೆಚ್ಚಗಾಗಿ ಕೆಲಸಕ್ಕೆ ಬರುತ್ತೆ. ನಮ್ಮ ಅಜ್ಜನ ಮಂಡಿ ಥರವೇ ಅನ್ನಿ. ಬಿಸಿ 10 ಡಿಗ್ರಿ ಏರಿದ್ರೆ ಇಂಥ ಕೆಪಾಸಿಟರಿನ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಅಂದಾಜು ಲೆಕ್ಕ. ತಗಡಿನ ಚಾವಣಿಯ ಅಂಗಡಿ, ನಮ್ಮ ಬಯಲುಸೀಮೆಯ ಏಪ್ರಿಲ್, ಧೂಳು ತುಂಬಿದ ಫ್ಯಾನು. ಆಯಸ್ಸು ಎಷ್ಟು ಸಲ ಅರ್ಧ ಆಗಿರಬೇಡ!

(ನೀವು ಮಾತ್ರ ಎಸ್‌ಎಂಪಿಎಸ್ ಬಿಚ್ಚೋಕೆ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟ್ ಮೇಲೆ ನಿಂತಿರಬಹುದು. ಆ ಹಿರಿಯರಿಗೆ ಅದನ್ನ ಖಾಲಿ ಮಾಡೋದು ಗೊತ್ತು, ನಮಗಿಲ್ಲ. ಇನ್ನೊಂದು ಮಾತು, ಹೊಸ ಬೋರ್ಡಿಗೆ ತೀರಾ ಹಳೇ ಕಾರ್ಡ್ ಹಾಕಿ ಪರದೆ ಬರದಿದ್ರೆ ಅದು ಬೇರೆಯೇ ಕತೆ. ಯುಇಎಫ್‌ಐ ಸೆಟ್ಟಿಂಗಲ್ಲಿ ಸಿಎಸ್‌ಎಂ ಆಫ್ ಆಗಿದ್ರೆ ಹಳೇ ಕಾರ್ಡಿನ ಭಾಷೆ ಅದಕ್ಕೆ ತಿಳಿಯಲ್ಲ.)

105 ಡಿಗ್ರಿ ತಡೆಯೋ ಕೆಪಾಸಿಟರ್ ಇರೋ ಒಂದು ಎಸ್‌ಎಂಪಿಎಸ್ 2,600 ರೂಪಾಯಿಗೆ ಇಲ್ಲಿ ತಗೊಂಡು ರಾತ್ರಿ ಬಸ್ಸಿಗೆ ಹಾಕಿದೆ. ಬೆಳಕು ಹರಿಯೋ ಮುಂಚೆ ಕೂಡ್ಲಿಗಿಯಲ್ಲಿ ನಿಂತು ಇಳಿಸಿಕೊಂಡ. ಅವತ್ತು ಲೆಕ್ಕ ಹಾಕಿದೆ, ಒಂದು ಬೀಪಿನ ಹಿಂದೆ ಐದು ತಾಲೂಕು ಸುತ್ತಿದ್ದಾಯ್ತು. 2021ರಿಂದ ಐದೂ ಒಂದೇ ವಿಜಯನಗರ ಜಿಲ್ಲೆ, ಇಲ್ಲಾಂದ್ರೆ ಹರಪನಹಳ್ಳಿಯನ್ನ 1997ರಲ್ಲಿ ದಾವಣಗೆರೆಗೆ ಕೊಟ್ಟು 2018ರಲ್ಲಿ ಬಳ್ಳಾರಿಗೆ ವಾಪಸ್ ತಂದಿದ್ದು ನೆನೆಸಿಕೊಂಡ್ರೆ ಆ ಊರೇ ನಮ್ಮ ಕಾರ್ಡಿಗಿಂತ ಜಾಸ್ತಿ ತಿರುಗಿದೆ.

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಒಂದೇ ಸಲಕ್ಕೆ ಗಿಡ್ಡ ಬೀಪ್ ಒಂದು, ಪರದೆ ಬಂತು. ಆಲ್ಬಂಗಳು ತೇರಿಗೆ ಮುಂಚೆ ಮುಗಿದವು. ತಂಗಿ ಫೀಸೂ ಕಟ್ಟಿದ್ದಾಯ್ತು.

ನನಗೆ ಇನ್ನೊಂದು ಕೇಳೋದಿತ್ತು. "ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತೇನಲೇ?" "ಹ್ಞೂಂ ಅಣ್ಣಾ, ಅದು ಮೊದ್ಲಿಂದ್ಲೂ ಐತಿ, ಚಪ್ಪಲಿ ಹಾಕ್ಕಂಡು ಕುಂದರ್ತೀನಿ." ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಚೂರು ಕರೆಂಟು ಅರ್ತಿಂಗ್ ಇದ್ರೆ ನೆಲಕ್ಕೆ ಹೋಗುತ್ತೆ, ಇಲ್ಲದಿದ್ರೆ ತಗಡಿನ ಮೇಲೇ ನಿಂತಿರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿದ್ರೆ ಅಂಗಡಿ ಹಿಂದಿನ ಅರ್ತಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ವೈರು ತುಕ್ಕು ಹಿಡಿದು ಕಳಚಿತ್ತು. ಹೊಸ ವೈರು ಬಿಗಿದು ಇದ್ದಿಲು, ಉಪ್ಪು ತುಂಬಿಸಿದ್ದಾರೆ. ಈಗ ಪ್ರತಿ ಸೋಮವಾರ ಅಂಗಡಿ ಬಾಗಿಲು ತೆಗೆದ ಕೂಡಲೇ ಆ ಗುಂಡಿಗೆ ಒಂದು ಕೊಡ ನೀರು ಹಾಕ್ತಾನೆ. ಬ್ಯಾಸಿಗ್ಯಾಗ ಎರಡು.