ಚಕ್ರ ಬಿಚ್ಚಿದ ಮೇಲೆ

ದೊಡ್ಡಪ್ಪನ ಪದ್ಮಿನಿ ಕಾರಿನ ಹಿಂದಿನ ಎಡಗಡೆಯ ಶಾಕಪ್ ಹೋಗಿದೆ ಎಂದು ಗೊತ್ತಾಗಿದ್ದು ಕೆಮ್ಮಣ್ಣಿನಿಂದ. 1986ರ ಬೇಸಿಗೆ. ತೀರ್ಥಹಳ್ಳಿ ಕಡೆಯ ನಮ್ಮೂರ ರಸ್ತೆ ಡಾಂಬರು ಕಂಡಿರಲಿಲ್ಲ. ಕಾರಿನ ಹೊಟ್ಟೆಯ ಕೆಳಗೆಲ್ಲ ಧೂಳು. ಮೂರು ಶಾಕಪ್‌ಗಳ ಮೇಲೆ ಅದು ಒಣಹಿಟ್ಟಿನ ಹಾಗಿತ್ತು, ಬೆರಳು ತಾಗಿದರೆ ಉದುರುತ್ತಿತ್ತು. ನಾಲ್ಕನೆಯದರ ಮೇಲೆ ಮಾತ್ರ ಕಲಸಿದ ಸೆಗಣಿಯಂತೆ ಮೆತ್ತಿಕೊಂಡಿತ್ತು. ದೊಡ್ಡಪ್ಪ ಅದನ್ನು ಬೆರಳ ತುದಿಯಲ್ಲಿ ಕೆರೆದು ನನ್ನ ಮೂಗಿಗೆ ಹಿಡಿದರು. ಎಣ್ಣೆ ವಾಸನೆ.

"ಆಯಿಲ್ ಹೊರಗೆ ಬಂತು ಅಂದ್ರೆ ಒಳಗೆ ಎಷ್ಟು ಉಳೀತು ಅಂತ ಲೆಕ್ಕ ಹಾಕೋ," ಅಂದರು.

ಶಾಕಪ್ ಎಂದರೆ ಕಾರಿನ ಭಾರ ಹೊರುವ ವಸ್ತು ಎಂದೇ ನಾನು ತಿಳಿದಿದ್ದೆ. ಭಾರ ಹೊರುವುದು ಸ್ಪ್ರಿಂಗು. ಶಾಕಪ್ಪಿನ ಕೆಲಸ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು. ಒಳಗಿನ ಪಿಸ್ಟನ್ ಸಣ್ಣ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ಅತ್ತಿತ್ತ ನೂಕುತ್ತದೆ. ಎಣ್ಣೆ ಸುಲಭಕ್ಕೆ ದಾರಿ ಬಿಡುವುದಿಲ್ಲ. ಕುಣಿತದ ಕಸುವೆಲ್ಲ ಬಿಸಿಯಾಗಿ ಹೋಗುತ್ತದೆ. ಎಣ್ಣೆ ಸೋರಿಹೋದ ಶಾಕಪ್ಪಿರುವ ಚಕ್ರ ಗುಂಡಿಗೆ ಬಿದ್ದರೆ ನೆಲ ಬಿಟ್ಟು ಹಾರುತ್ತ ಹೋಗುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಎಂಥ ಬ್ರೇಕ್ ಹಾಕಿದರೂ ಕಾರು ನಿಲ್ಲುವುದಿಲ್ಲ. ಇಷ್ಟನ್ನು ದೊಡ್ಡಪ್ಪ ಯಾವ ಪುಸ್ತಕವೂ ಇಲ್ಲದೆ, ಬಾಳೆಯ ದಿಂಡಿನ ಮೇಲೆ ಕೂತು ಹೇಳಿದ್ದರು.

ಪರೀಕ್ಷೆಯನ್ನೂ ಅಂದೇ ಕಲಿಸಿದರು. ಮಡ್‌ಗಾರ್ಡಿನ ಮೂಲೆಗೆ ಎರಡೂ ಅಂಗೈ ಊರಿ, ಮೈಭಾರ ಹಾಕಿ ಮೂರು ಸಲ ಒತ್ತಬೇಕು. ನಾಲ್ಕನೆಯ ಸಲ ಮೂಲೆ ಕೆಳಗೆ ಹೋದಾಗ ಕೈ ಬಿಡಬೇಕು. ಮೇಲೆ ಬಂದು, ಚೂರು ಇಳಿದು ನಿಂತರೆ ಸರಿ. ಮತ್ತೂ ಏರಿ ಇಳಿದು ಮಾಡಿದರೆ ಶಾಕಪ್ ಮುಗಿದಿದೆ. ಪದ್ಮಿನಿಯ ಆ ಮೂಲೆ ತೊಟ್ಟಿಲ ಹಾಗೆ ನಾಲ್ಕು ಸಲ ತೂಗಿತು. ಉಳಿದ ಮೂಲೆಗಳಿಗೂ ನನ್ನಿಂದಲೇ ಒತ್ತಿಸಿ, ಅಂಗೈಗೆ ವ್ಯತ್ಯಾಸ ತಿಳಿಯುವವರೆಗೆ ಬಿಡಲಿಲ್ಲ. ಆ ವ್ಯತ್ಯಾಸ ನನ್ನ ಅಂಗೈಯಲ್ಲಿ ಇನ್ನೂ ಇದೆ.

ಇದಕ್ಕೆ ಸಿಕ್ಕ ಮದ್ದು ಹೊಸ ಶಾಕಪ್ ಅಲ್ಲ. ಶಿವಮೊಗ್ಗದಲ್ಲಿ ಹಳೆಯದಕ್ಕೇ ತೂತು ಕೊರೆದು, ಎಣ್ಣೆ ತುಂಬಿ, ವೆಲ್ಡಿಂಗ್ ಮಾಡಿ ಕೊಡುತ್ತಿದ್ದರು. ಸವೆದ ಸೀಲು ಮಾತ್ರ ಹಳೆಯದೇ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಸೋರುತ್ತಿತ್ತು, ಮತ್ತೆ ತುಂಬಿಸುತ್ತಿದ್ದೆವು.

ಆ ದಿನಗಳ ಬಗ್ಗೆ ಮಾತಾಡುವಾಗ ನಮ್ಮ ಓರಗೆಯವರ ದನಿ ಮೆತ್ತಗಾಗುತ್ತದೆ. ನನ್ನದು ಆಗುವುದಿಲ್ಲ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಲೈನರ್ ನೋಡಲು ಡ್ರಮ್ ಬಿಚ್ಚಿದರೆ ಒಳಗೆ ಬೂದಿಯಂಥ ಧೂಳು ತುಂಬಿರುತ್ತಿತ್ತು. ದೊಡ್ಡಪ್ಪ ಬಾಯಿಂದಲೇ ಊದಿ ಹಾರಿಸುತ್ತಿದ್ದರು, ಪಕ್ಕದಲ್ಲಿ ಕೂತ ನಾನೂ ಊದುತ್ತಿದ್ದೆ. ಆಗಿನ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆ ಪುಪ್ಪಸಕ್ಕೆ ಹೋದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಇನ್ನು ಜಾಕ್. ಕಾರನ್ನು ಎತ್ತಿ, ಕೆಳಗೆ ಜಂಬಿಟ್ಟಿಗೆ ಕಲ್ಲು ಪೇರಿಸಿ, ದೊಡ್ಡಪ್ಪ ಅಡಿಗೆ ನುಸುಳುತ್ತಿದ್ದರು. ಜಂಬಿಟ್ಟಿಗೆ ಯಾವಾಗ ಬಿರಿಯುತ್ತದೆ ಎಂದು ಹೇಳಿ ಬಿರಿಯುವುದಿಲ್ಲ. ಅವರಿಗೆ ಏನೂ ಆಗಲಿಲ್ಲ ಎನ್ನುವುದು ಆ ಪದ್ಧತಿ ಸರಿಯಿತ್ತು ಎನ್ನಲು ಸಾಕ್ಷಿಯಲ್ಲ. ಅವರ ಕೈಗುಣವನ್ನು ಗೌರವಿಸುತ್ತೇನೆ. ಆ ಕಾಲ ಮರಳಲಿ ಎಂದು ಬಯಸುವುದಿಲ್ಲ.

1996ರಲ್ಲಿ ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ಮಾರುತಿ 800 ಕೊಂಡರು. ಡಿಸ್ಕ್ ಬ್ರೇಕಿನ ತಟ್ಟೆಯನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಎಂಬುದನ್ನು ನಾನು ಮೊದಲು ನೋಡಿದ್ದು ಅದರ ಮುಂಚಕ್ರದ ಹಿಂದೆ. ಡಿಸ್ಕ್ ಬ್ರೇಕ್ ಹೊಸತೇನಲ್ಲ. 1953ರಲ್ಲೇ ಜಾಗ್ವಾರ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಫ್ರಾನ್ಸಿನ ಲೆಮಾನ್ಸ್ 24 ಗಂಟೆಗಳ ರೇಸ್ ಗೆದ್ದಿತ್ತು. ನಮ್ಮ ಅಂಗಳಕ್ಕೆ ಬರಲು ಅದಕ್ಕೆ ನಲವತ್ತು ಚಿಲ್ಲರೆ ವರ್ಷ ಹಿಡಿಯಿತು. ಘಟ್ಟ ಇಳಿಯುವವರಿಗೆ ಅದರ ಬೆಲೆ ಗೊತ್ತು. ಡ್ರಮ್ ಬಿಸಿಯಾದರೆ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಡಿಸ್ಕ್ ಗಾಳಿಗೆ ಮೈಯೊಡ್ಡಿ ನಿಂತಿರುವುದರಿಂದ ಬೇಗ ಆರುತ್ತದೆ, ನೀರು ಹಾಯ್ದರೂ ಕ್ಷಣದಲ್ಲಿ ಒಣಗುತ್ತದೆ.

ಗಾಳಿಗೆ ಒಡ್ಡಿದ್ದು ಮಳೆಗೂ ಒಡ್ಡಿದ್ದೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆ ನಮಗೆ ಹತ್ತಿರ. ಎರಡು ಮಳೆಗಾಲಕ್ಕೆ ಕ್ಯಾಲಿಪರ್ ತುಕ್ಕಿನ ಮುದ್ದೆಯಾಯಿತು. 1998ರ ನವೆಂಬರಿನಲ್ಲಿ, ಗೇಟಿಗೆ ಹೊಡೆದು ಉಳಿದಿದ್ದ ಸಿಲ್ವರ್ ಪೇಂಟನ್ನು ಅದಕ್ಕೆ ಬಳಿದೆ. ಉಜ್ಜಲಿಲ್ಲ. ಏನನ್ನೂ ಮುಚ್ಚಲಿಲ್ಲ. ಬ್ರಷ್ಷು ಹೋದ ಕಡೆಗೆಲ್ಲ ಹಚ್ಚಿದೆ.

ಮರುವಾರ ಅಪ್ಪಯ್ಯ, ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೊರಟೆ. ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು. ಅರ್ಧ ಇಳಿಯುವಾಗ ಬ್ರೇಕ್ ಮುಟ್ಟಿದರೆ ಕಾರು ಎಡಕ್ಕೆ ಎಳೆಯತೊಡಗಿತು. ಬಣ್ಣ ಸುಟ್ಟ ವಾಸನೆ ಬಂತು. ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಎಡ ಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಝಳ. ಸಿಲ್ವರ್ ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದಿತ್ತು. ಅಪ್ಪಯ್ಯ ಏನೂ ಅನ್ನಲಿಲ್ಲ. ಅಮ್ಮನ ಕೈ ಹಿಡಿದು ಇಳಿಸಿ ರಸ್ತೆಬದಿಯ ನೆರಳಿಗೆ ಕರೆದುಕೊಂಡು ಹೋದರು.

ಒಂದು ಗಂಟೆ ಕಾದು, ಮೆಲ್ಲಗೆ ಹೆಬ್ರಿ ತಲುಪಿದೆವು. ಅಲ್ಲಿನ ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ಆ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತಿರಬೇಕು. ಬ್ರೇಕ್ ಬಿಟ್ಟಾಗ ಅದು ಸಡಿಲಗೊಂಡು ಸರಿದರೆ ಮಾತ್ರ ಪ್ಯಾಡು ಡಿಸ್ಕಿನ ಹಿಡಿತ ಬಿಡುತ್ತದೆ. ನನ್ನ ಬಣ್ಣ ಪಿನ್ನಿಗೆ ಇಳಿದು, ಒಣಗಿ, ಕಚ್ಚಿಕೊಂಡಿತ್ತು. ಘಟ್ಟದ ಉದ್ದಕ್ಕೂ ಪ್ಯಾಡು ಉಜ್ಜುತ್ತಲೇ ಬಂದಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದಿದು ಆವಿ ಕಟ್ಟಿಕೊಂಡರೆ ಪೆಡಲ್ ಒತ್ತಿದಾಗ ಅದುಮುವುದು ಆವಿ ಮಾತ್ರ, ಬ್ರೇಕ್ ಹಿಡಿಯುವುದಿಲ್ಲ. ಇನ್ನೊಂದಿಷ್ಟು ಇಳಿಜಾರು ಇದ್ದಿದ್ದರೆ ಅಷ್ಟೂ ಆಗುತ್ತಿತ್ತು. ಅವರು ಪಿನ್ನು ತಿಕ್ಕಿ, ಗ್ರೀಸ್ ಹಚ್ಚಿ ಕೊಟ್ಟರು. ಕ್ಯಾಲಿಪರಿಗೆ ಬಣ್ಣ ಮುಟ್ಟಿಸುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

ಹೋದ ಹೋದಲ್ಲಿ ಕಾರು ನಿಲ್ಲಿಸಿದಾಗೆಲ್ಲ ಈಗ ಕೆಂಪು ಕ್ಯಾಲಿಪರ್ ಕಾಣುತ್ತದೆ. ಮಾರುತಿಯ 12 ಇಂಚಿನ ಉಕ್ಕಿನ ಚಕ್ರದ ಹಿಂದೆ ಏನಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಅಲಾಯ್ ಚಕ್ರದ ಕಿಂಡಿಗಳಲ್ಲಿ ಎಲ್ಲ ಕಾಣುತ್ತದೆ. ಇಟಲಿಯ ಬ್ರೆಂಬೊ ಕಂಪನಿಯ ಕೆಂಪು ಕ್ಯಾಲಿಪರ್ ಸ್ಪೋರ್ಟ್ಸ್ ಕಾರುಗಳ ಗುರುತಾಗಿ ಬೆಳೆಯಿತು. ಪೋರ್ಷೆಯಲ್ಲಿ ಹಳದಿ ಬಣ್ಣವಿದ್ದರೆ ಒಳಗಿರುವುದು ಸೆರಾಮಿಕ್ ಡಿಸ್ಕ್ ಎಂದರ್ಥ. ನಮ್ಮಂಥವರ ಕಾರಿನಲ್ಲಿ ಬಣ್ಣದಿಂದ ಬ್ರೇಕ್ ಒಂದಂಗುಲವೂ ಮೊದಲು ಹಿಡಿಯುವುದಿಲ್ಲ. 2023ರ ಮೇ ತಿಂಗಳಲ್ಲಿ ಮಗಳು ನಮ್ಮ ಈಗಿನ ಕಾರಿನ ಕ್ಯಾಲಿಪರಿಗೆಂದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕೆಂಪು ಪೇಂಟಿನ ಡಬ್ಬ ತಂದಾಗ ನಾನು ಬೇಡವೆಂದೆ, ಸೋಮೇಶ್ವರದ ಕತೆಯನ್ನೂ ಹೇಳಿದೆ.

"ಅಪ್ಪ, ನೀನು ಬಳಿದಿದ್ದು ತಪ್ಪಲ್ಲ, ಪಿನ್ನಿಗೆ ಬಳಿದಿದ್ದು ತಪ್ಪು," ಅಂದಳು.

ಅವಳು ಹೇಳಿದ್ದು ಸರಿ ಇತ್ತು. ಇಪ್ಪತ್ತೈದು ವರ್ಷ ನಾನು ಹೆದರಿಕೆಯನ್ನೇ ತಿಳಿವಳಿಕೆ ಎಂದುಕೊಂಡಿದ್ದೆ.

ಊರಿನ ಮನೆಯ ಅದೇ ಅಂಗಳ, ಈಗ ಸಿಮೆಂಟು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಹಿಂಚಕ್ರಗಳಿಗೆ ಕಟ್ಟಿಗೆ ಕೊಟ್ಟು, ಎತ್ತಿ, ಉಕ್ಕಿನ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಧೂಳನ್ನು ಊದಲಿಲ್ಲ, ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಪ್ಯಾಡು ತೆಗೆದು ದಪ್ಪ ನೋಡಿದೆವು. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜುವುದಕ್ಕೇ ಒಂದು ಬೆಳಗ್ಗೆ ಹೋಯಿತು. ಆಮೇಲೆ ಡಿಸ್ಕ್, ರಬ್ಬರ್ ಪೈಪು, ಪಿಸ್ಟನ್ನಿನ ರಬ್ಬರ್ ಟೋಪಿ, ಏರ್ ತೆಗೆಯುವ ನಿಪ್ಪಲ್, ಪಿನ್ನುಗಳು, ಪ್ಯಾಡು ಕೂರುವ ತೋಡು, ಇಷ್ಟಕ್ಕೂ ಟೇಪು ಸುತ್ತಿದಳು. ಪಿನ್ನುಗಳಿಗೆ ನಾನು ಇನ್ನೊಂದು ಸುತ್ತು ಸುತ್ತಿದೆ. ಬಿಸಿ ತಡೆಯುವ ಬಣ್ಣ, ಮೂರು ಕೋಟು, ಒಂದೊಂದೂ ತೆಳ್ಳಗೆ.

ಎಡಗಡೆಯ ಎರಡನೆಯ ಕೋಟು ಒಣಗಲೆಂದು ಕಾಯುತ್ತಿದ್ದಾಗ ಅವಳು ಟಾರ್ಚು ಮೇಲಕ್ಕೆ ಬಿಟ್ಟಳು. ಶಾಕಪ್ಪಿನ ಕೊಳವೆಯ ಮೇಲೆ ಕತ್ತಿನಿಂದ ಸೊಂಟದವರೆಗೆ ಕಪ್ಪಗೆ ಒದ್ದೆ. ಒದ್ದೆಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಬೆರಳಲ್ಲಿ ಕೆರೆದು ಮೂಸಿದೆ. ಟಯರಿನ ಮೇಲೆ ಅಂಗೈ ಸವರಿದರೆ ಅಲೆ ಅಲೆಯಾಗಿ ಸವೆದಿತ್ತು, ಅಲ್ಲಲ್ಲಿ ಬಟ್ಟಲಿನಂತೆ ತಗ್ಗು. ಎರಡು ತಿಂಗಳ ಹಿಂದಷ್ಟೇ ಸರ್ವೀಸ್ ಆಗಿತ್ತು. ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಪಟ್ಟಿಯಲ್ಲಿ ಶಾಕ್ ಅಬ್ಸಾರ್ಬರ್ ಮುಂದೆ ಸರಿ ಗುರುತು ಹಾಕಿದ್ದರು. ಚಕ್ರ ಬಿಚ್ಚಿದ್ದ ಯಾರ ಕಣ್ಣಿಗಾದರೂ ಈ ಒದ್ದೆ ಕಾಣದೆ ಇರಲು ಸಾಧ್ಯವಿರಲಿಲ್ಲ. ನನಗೆ ಬಹಳ ಸಿಟ್ಟು ಬಂತು, ಈಗಲೂ ಇಳಿದಿಲ್ಲ.

ನನ್ನ ನಂಬಿಕೆಗೂ ಅಂದು ಪೆಟ್ಟು ಬಿತ್ತು. ಬಲಗಡೆಯದೂ ಮುಗಿದು ಕಾರನ್ನು ಇಳಿಸಿದ ಮೇಲೆ ದೊಡ್ಡಪ್ಪನ ಪರೀಕ್ಷೆ ಮಾಡಿದೆ. ಎಡ ಮೂಲೆ ಮೇಲೆ ಬಂದು ನಿಂತುಬಿಟ್ಟಿತು, ಬಲದಷ್ಟೇ ಚೆನ್ನಾಗಿ. ಈಗಿನ ಸ್ಪ್ರಿಂಗು ಬಿಗಿ. ಶಾಕಪ್ಪಿನೊಳಗೆ ಎಣ್ಣೆಯ ಜೊತೆ ಒತ್ತಡದ ಗ್ಯಾಸು. ಪೂರ್ತಿ ಸತ್ತ ಶಾಕಪ್ ಮಾತ್ರ ಕೈಗೆ ಸಿಗುತ್ತದೆ, ಸಾಯುತ್ತಿರುವುದು ಸಿಗುವುದಿಲ್ಲ. ಒತ್ತಿ ನೋಡಿ ಸರಿಯಿದೆ ಎಂದು ನಾನೂ ವರ್ಷಗಟ್ಟಲೆ ಸಮಾಧಾನಪಟ್ಟುಕೊಂಡಿದ್ದೆನಲ್ಲ. ಆ ಕೆಂಪು ಬಣ್ಣದ ಹಟ ಇಲ್ಲದಿದ್ದರೆ ಚಕ್ರ ಬಿಚ್ಚುತ್ತಿರಲಿಲ್ಲ.

ಹೊರಡುವ ಮುನ್ನ ಮಗಳನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ತುಳಿಯಲು ಹೇಳಿದೆ. ಪ್ಯಾಡು ಕೂರಿಸುವಾಗ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತೇವೆ. ಮೊದಲ ತುಳಿತಕ್ಕೆ ಪೆಡಲ್ ನೆಲಕ್ಕೇ ಹೋಯಿತು. ಅವಳ ಮುಖ ಬಿಳಿಚಿತು. ಐದಾರು ಸಲ ತುಳಿದ ಮೇಲೆ ಗಟ್ಟಿಯಾಯಿತು. ಆ ಮೊದಲ ತುಳಿತ ರಸ್ತೆಯ ಮೇಲೆ ಆಗಬಾರದು ಎಂದು ಬಾಯಲ್ಲಿ ಹೇಳಬೇಕಾಗಲಿಲ್ಲ.

ಶಾಕಪ್ ಬದಲಿಸುವುದನ್ನು ಮನೆಯಲ್ಲಿ ಮಾಡಲಿಲ್ಲ. ಮುಂದಿನ ಶಾಕಪ್ಪನ್ನು ಸುತ್ತಿರುವ ಸ್ಪ್ರಿಂಗನ್ನು ಅದುಮಿ ಹಿಡಿಯುವ ಉಪಕರಣ ಬೇಕು. ಅದು ಜಾರಿದರೆ ಎದುರಿಗಿದ್ದವರ ದವಡೆ ಉಳಿಯುವುದಿಲ್ಲ. ಶಿವಮೊಗ್ಗದ ಗ್ಯಾರೇಜಿನಲ್ಲಿ ಮುಂದಿನ ಎರಡನ್ನೂ ಒಟ್ಟಿಗೇ ಬದಲಿಸಿದೆವು. ಒಂದು ಹೊಸತು ಒಂದು ಹಳೆಯದಾದರೆ ತಿರುವಿನಲ್ಲಿ ಎರಡೂ ಬದಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ತೆಗೆದ ಹಳೆಯದನ್ನು ಮಗಳು ನೆಟ್ಟಗೆ ಹಿಡಿದು ಒತ್ತಿ ನೋಡಿದಳು. ಅರ್ಧದವರೆಗೆ ತಡೆಯೇ ಇಲ್ಲದೆ ಇಳಿಯಿತು, ಆಮೇಲೆ ಹಿಡಿಯಿತು. ಹೊಸತನ್ನು ಅವಳಿಂದ ಒಂದಂಗುಲ ಇಳಿಸುವುದೂ ಕಷ್ಟವಾಯಿತು.

ಕೆಂಪು ಬಣ್ಣ ಎರಡು ಮಳೆಗಾಲ ತಡೆದಿದೆ. ಎಡಗಡೆ ನಿಪ್ಪಲ್ ಹತ್ತಿರ, ಹೋದ ವರ್ಷ ಏರ್ ತೆಗೆಸುವಾಗ ಬ್ರೇಕ್ ಆಯಿಲ್ ಬಿದ್ದ ಕಡೆ, ಉಗುರಿನಗಲ ಎದ್ದು ತುಕ್ಕು ಇಣುಕುತ್ತಿದೆ. ಮೇ ತಿಂಗಳಲ್ಲಿ ಅವಳಿಗೆ ರಜೆ. ಡಬ್ಬದಲ್ಲಿ ಇನ್ನೂ ಅರ್ಧ ಬಣ್ಣ ಉಳಿದಿದೆ.